ಬಿ.ಯು. ಅಂದ್ರ ಯಾವ ಬಿ.ಯು.?

ನಮ್ಮೂರು ಮೆಹಕರ, ಭಾಲ್ಕಿ ತಾಲ್ಲೂಕು. ತಾಲ್ಲೂಕಿನ ಹೆಸರು ಬಿಟ್ಟು ಬರೇ ಮೆಹಕರ ಅಂದಿರೋ, ಮೊಬೈಲಿನ ನಕಾಶೆ ನಿಮ್ಮನ್ನು ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಮೆಹಕರಕ್ಕೆ ಒಯ್ದು ಶಾರಂಗಧರ ಬಾಲಾಜಿಯ ಗುಡಿ ಮುಂದೆ ಇಳಿಸುತ್ತದೆ. ದೇವರ ದರ್ಶನವಾಗುತ್ತದೆ, ನಮ್ಮ ಮನೆಯ ಮದುವೆ ಊಟ ತಪ್ಪುತ್ತದೆ. ಅದು ತಾಲ್ಲೂಕು ಕೇಂದ್ರ, ನಮ್ಮದು ಗಡಿಯ ಹಳ್ಳಿ. ಒಂದು ಹೆಸರಿಗೆ ಇಬ್ಬರು ವಾರಸುದಾರರಿದ್ದರೆ ದೊಡ್ಡವನ ಪಾಲಿಗೇ ಹೋಗುತ್ತದೆ ಎಂಬುದನ್ನು ನಾವು ಹುಟ್ಟಿನಿಂದ ಬಲ್ಲೆವು.

ಆದ್ದರಿಂದಲೇ ಅಮೆರಿಕದ ಓ.ಎಸ್.ಯು. ಜಗಳ ನನಗೆ ಪಕ್ಕದ ಹೊಲದ ಬದುವಿನ ಜಗಳದಂತೆ ಕೇಳಿಸಿತು. ಓಹಾಯೋ ಸ್ಟೇಟ್ ಯೂನಿವರ್ಸಿಟಿಯೂ ಓ.ಎಸ್.ಯು., ಓಕ್ಲಹೋಮಾ ಸ್ಟೇಟ್ ಯೂನಿವರ್ಸಿಟಿಯೂ ಓ.ಎಸ್.ಯು. ಸಾಲದ್ದಕ್ಕೆ ಆರಿಗಾನ್ ಸ್ಟೇಟ್ ಬೇರೆ. ಎಲ್ಲರಿಗೂ ಫುಟ್‌ಬಾಲ್ ತಂಡವಿದೆ, ಎಲ್ಲರ ಅಭಿಮಾನಿಗಳೂ ಅದೇ ಮೂರಕ್ಷರ ಕೂಗುತ್ತಾರೆ. 2017ರಲ್ಲಿ ಓಹಾಯೋದವರು ಆ ಮೂರಕ್ಷರವನ್ನು ತಮ್ಮ ಹೆಸರಿಗೆ ಟ್ರೇಡ್‌ಮಾರ್ಕ್ ಮಾಡಿಸಲು ಅರ್ಜಿ ಹಾಕಿದರು. ಓಕ್ಲಹೋಮಾದವರು ತಕರಾರು ತೆಗೆದರು. ಕೊನೆಗೆ ರಾಜಿಯಾಯಿತು. ಓಹಾಯೋದವರಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. 2022ರಲ್ಲಿ ಇಂಗ್ಲಿಷಿನ ‘ದಿ’ ಎಂಬ ಪದವನ್ನೇ ಅಂಗಿ, ಟೋಪಿಗಳ ಮಟ್ಟಿಗೆ ನೋಂದಾಯಿಸಿಕೊಂಡರು. ಅವರು ಬರೇ ಓಹಾಯೋ ಸ್ಟೇಟ್ ಅಲ್ಲ, ‘ದಿ’ ಓಹಾಯೋ ಸ್ಟೇಟ್. ಈ ಲೆಕ್ಕದಲ್ಲಿ ಬುಲ್ಢಾಣಾದವರು ‘ದಿ ಮೆಹಕರ’, ನಾವು ಇನ್ನೊಂದು.

ಬಿರುದು ಅಂಟಿಸಿಕೊಂಡು ದೊಡ್ಡವರಾಗುವುದು ಅಲ್ಲಿನ ರೀತಿ. ನಮ್ಮ ಧಾರವಾಡದ್ದು ಬೇರೆಯೇ ಠೀವಿ. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಹೀಗಾಗಿ ಇಂಗ್ಲಿಷಿನಲ್ಲಿ ಅದು ಇವತ್ತಿಗೂ ‘ಕರ್ನಾಟಕ್’. ಕೊನೆಯ ‘ಎ’ ಇಲ್ಲ, ಬೇಕಾಗಿಯೂ ಇಲ್ಲ. 1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂದು ರಾಜ್ಯದ ಎರಡನೇ ಕೆ.ಯು. ಆಯಿತು. ವರಂಗಲ್ಲಿನ ಕಾಕತೀಯ ಅದಕ್ಕೂ ಮೊದಲಿನ ಕೆ.ಯು. ಆದರೆ ಕೆ.ಯು. ಎಂದು ಎದೆ ತಟ್ಟಿಕೊಂಡು ಧಾರವಾಡದ ಹುಡುಗನೊಬ್ಬ ಶಿವಮೊಗ್ಗದ ಹುಡುಗನ ಕೊರಳಪಟ್ಟಿ ಹಿಡಿದದ್ದನ್ನು ನಾನಂತೂ ಕೇಳಿಲ್ಲ. ಹಿಡಿಯಬೇಕಾದರೆ ಮೊದಲು ಇಬ್ಬರಿಗೂ ತಮ್ಮ ವಿಶ್ವವಿದ್ಯಾಲಯಕ್ಕೊಂದು ಫುಟ್‌ಬಾಲ್ ತಂಡವಿದೆ ಎಂಬುದು ಗೊತ್ತಿರಬೇಕಲ್ಲ!

ಈಗ ನಮ್ಮ ಸರದಿ. 2023ರ ಮಾರ್ಚಿನಲ್ಲಿ ಏಳು ಹೊಸ ವಿಶ್ವವಿದ್ಯಾಲಯಗಳು ಒಂದೇ ದಿನ ಉದ್ಘಾಟನೆಯಾದವು, ಸಾಮೂಹಿಕ ಮದುವೆಯ ಹಾಗೆ. ಅದರಲ್ಲಿ ಬೀದರ ಒಂದು, ಬಾಗಲಕೋಟೆ ಒಂದು. 1964ರಿಂದಲೂ ಬೆಂಗಳೂರು ಇತ್ತೇ ಇತ್ತು. ಮೂರೂ ಬಿ.ಯು. ಊರು ಬೆಂಗಳೂರು ಆದರೂ ವಿಶ್ವವಿದ್ಯಾಲಯ ಇಂಗ್ಲಿಷಿನಲ್ಲಿ ‘ಬ್ಯಾಂಗಲೋರ್’ ಬಿಟ್ಟಿಲ್ಲ, ಆ ಮಾತು ಬೇರೆ.

ನನ್ನ ಅಳಿಯ ಬೀದರ ವಿಶ್ವವಿದ್ಯಾಲಯದ ಪದವಿ ಹಿಡಿದು ಬೆಂಗಳೂರಿಗೆ ಸಂದರ್ಶನಕ್ಕೆ ಹೋಗಿದ್ದ. ಬಂದ ಮೇಲೆ ಕೇಳಿದೆ:

“ಏನ್ ಕೇಳಿದರೋ ತಮ್ಮಾ?”

“ಬಿ.ಯು.ದಿಂದ ಬಂದೀರೇನು ಅಂತ ಕೇಳಿದ್ರು ಮಾಮಾ. ಹೌದ್ರಿ ಅಂದೆ. ಭಾಳ ಖುಷಿ ಆದ್ರು. ಜ್ಞಾನಭಾರತಿದಾಗ ಯಾವ ಹಾಸ್ಟೆಲ್ ಅಂದ್ರು.”

“ನೀ ಏನಂದಿ?”

“ಹಾಲಹಳ್ಳಿ ಅಂದೆ. ಅಲ್ಲಿಗಿ ಖಲಾಸ್.”

ಜ್ಞಾನಭಾರತಿ ಬೆಂಗಳೂರು ವಿಶ್ವವಿದ್ಯಾಲಯದ ಆವರಣ; ಹಾಲಹಳ್ಳಿ ಎಂದರೆ ನಮ್ಮ ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿ, ಬೀದರ ವಿಶ್ವವಿದ್ಯಾಲಯ ಇರುವ ಜಾಗ. ಅಲ್ಲಿ ಮೊದಲಿದ್ದದ್ದು ಗುಲಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. ಜಾಗ ಅದೇ ಇದ್ದು ಬೋರ್ಡು ಬದಲಾಯಿತು. ಒಂದೇ ಮನೆಯ ಅಣ್ಣ ಅಲ್ಲಿ ಓದಿ ಗುಲಬರ್ಗಾದವನಾದ, ತಮ್ಮ ಓದಿ ಬೀದರದವನಾದ. ಇವರಿಬ್ಬರಲ್ಲಿ ಯಾರ ಮೇಲೆ ಯಾರು ವೈರ ಸಾಧಿಸಬೇಕು?

ನಮ್ಮ ಮನೆಯ ಟ್ರಂಕು ತೆರೆದರೆ ಈ ಸಂಕಟ ಪೂರ್ತಿ ಸಿಗುತ್ತದೆ. ಅಜ್ಜನದು ಹೈದರಾಬಾದಿನ ಉಸ್ಮಾನಿಯಾ. ನಿಜಾಮರ ಕಾಲ, ಪಾಠವೆಲ್ಲ ಉರ್ದುವಿನಲ್ಲಿ. 1956ರಲ್ಲಿ ಬೀದರ ಮೈಸೂರು ರಾಜ್ಯಕ್ಕೆ ಸೇರಿತು, ಕಾಕಾನ ಅಂಕಪಟ್ಟಿ ಧಾರವಾಡದಿಂದ ಬಂತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು, ನಾನು ಅಲ್ಲಿಯವನಾದೆ. ಈಗ ಅಳಿಯ ಬೀದರದವನು. ನಾಲ್ಕು ಪದವಿ, ನಾಲ್ಕು ವಿಶ್ವವಿದ್ಯಾಲಯ, ಊರು ಮಾತ್ರ ಇದ್ದಲ್ಲೇ ಇದೆ. ಓಹಾಯೋದಲ್ಲಿ ಅಜ್ಜನ ಕೆಂಪಂಗಿ ಮೊಮ್ಮಗನಿಗೂ ಆಗುತ್ತದೆ. ನಮ್ಮಲ್ಲಿ ಅಜ್ಜನ ಮೊಹರು ಮೊಮ್ಮಗನಿಗೆ ಓದಲಿಕ್ಕೂ ಬರುವುದಿಲ್ಲ. ಅಭಿಮಾನ ಬೆಳೆಯಲಿಕ್ಕೆ ಒಂದೆರಡು ತಲೆಮಾರಾದರೂ ಬೇಕು. ನಮ್ಮ ಕಡೆ ಅದು ಮೊಳಕೆ ಒಡೆಯುವ ಹೊತ್ತಿಗೆ ಗೆಜೆಟ್ ಬಂದಿರುತ್ತದೆ.

ಹಾಗಂತ ನಮ್ಮವರಿಗೆ ಅಭಿಮಾನದ ಬರ ಎನ್ನಬೇಡಿ. ಐಪಿಎಲ್ ಬಂತೆಂದರೆ ಮೆಹಕರದ ಚಹಾದಂಗಡಿ ಎರಡು ರಾಜ್ಯವಾಗುತ್ತದೆ. ಒಂದು ಬೆಂಚು ಬೆಂಗಳೂರಿನದು, ಒಂದು ಬೆಂಚು ಮುಂಬೈಯದು. ಬೆಂಗಳೂರು ಕಂಡಿರದವನು ಬೆಂಗಳೂರಿಗಾಗಿ ಗಂಟಲು ಹರಿದುಕೊಳ್ಳುತ್ತಾನೆ. ಗಡಿಯಾಚೆಯ ಉದಗೀರದಲ್ಲಿ ಬೀಗರಿರುವವನು ಮುಂಬೈಯ ಐದು ಕಪ್ಪುಗಳನ್ನು ಬೆರಳು ಮಡಚಿ ಎಣಿಸುತ್ತಾನೆ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಬೆಂಗಳೂರು 6 ರನ್ನಿನಿಂದ ಗೆದ್ದಿತಲ್ಲ, ಹದಿನೆಂಟನೇ ಸಲಕ್ಕೆ? ಅವತ್ತು ರಾತ್ರಿ ನಮ್ಮೂರ ನಾಯಿಗಳು ಪಟಾಕಿಗೆ ಹೆದರಿ ಹೊಲ ಸೇರಿದವು.

ಅದೇ ವರ್ಷದ ಫೆಬ್ರುವರಿಯಲ್ಲಿ ಇನ್ನೊಂದು ಪಂದ್ಯ ನಡೆದಿತ್ತು, ಯಾರೂ ನೋಡಲಿಲ್ಲ. ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅಧ್ಯಕ್ಷತೆಯ ಸಂಪುಟ ಉಪಸಮಿತಿ, ದುಡ್ಡಿಲ್ಲ ಎಂದು ಹೇಳಿ, ಆ ಏಳೂ ಸೇರಿ ಹೊಸ ಹತ್ತು ವಿಶ್ವವಿದ್ಯಾಲಯಗಳ ಪೈಕಿ ಒಂಬತ್ತನ್ನು ಮುಚ್ಚಬಹುದೆಂದಿತು. ಬಾಗಲಕೋಟೆಯ ಬಿ.ಯು. ಔಟ್. ಹಾವೇರಿ, ಕೊಪ್ಪಳ, ಹಾಸನ, ಕೊಡಗು, ಚಾಮರಾಜನಗರ, ಮಂಡ್ಯ, ಎಲ್ಲವೂ ಔಟ್. ಕಾಲೇಜುಗಳ ಸಂಖ್ಯೆ ಹೆಚ್ಚಿದೆ ಎಂಬ ಕಾರಣಕ್ಕೆ ಉಳಿದದ್ದು ಬೀದರ ಒಂದೇ. ಹತ್ತು ತಂಡದ ಪಂದ್ಯಾವಳಿಯಲ್ಲಿ ಚೆಂಡು ಮುಟ್ಟದೆ ಕಪ್ ಗೆದ್ದ ತಂಡ ನಮ್ಮದು! ಮರುದಿನ ಚಹಾದಂಗಡಿಗೆ ಹೋದೆ. ಒಂದು ಸರ ಪಟಾಕಿ? ಇಲ್ಲ. ಒಂದು ಜೈಕಾರ? ಇಲ್ಲ. ವಿಷಯ ತೆಗೆದರೆ ಒಬ್ಬ ಹಿರಿಯರು ಬಶಿಯಿಂದ ಚಹಾ ಹೀರುತ್ತ ಕೇಳಿದರು: “ನಮ್ ಬೀದರದಾಗ ಯೂನಿವರ್ಸಿಟಿ ಅದ ಏನ್ರಿ? ದನದ ದವಾಖಾನಿದು ಅದ, ಅದು ಗೊತ್ತದ.” ಪಶುವೈದ್ಯಕೀಯ ವಿಶ್ವವಿದ್ಯಾಲಯದ ಬಗ್ಗೆ ಅವರ ಮಾಹಿತಿ ಸರಿಯಾಗಿಯೇ ಇತ್ತು. ಎಮ್ಮೆ ಇದ್ದವರಿಗೆ ಉನ್ನತ ಶಿಕ್ಷಣದ ಪರಿಚಯ ಹೆಚ್ಚು.

ಅದೇ ಫೆಬ್ರುವರಿಯಲ್ಲೇ ‘ದಿ’ ಓಹಾಯೋ ಸ್ಟೇಟ್ ತನ್ನ ಫುಟ್‌ಬಾಲ್ ಕೋಚ್ ರಯಾನ್ ಡೇ ಅವರಿಗೆ ಹೊಸ ಕರಾರು ಬರೆದುಕೊಟ್ಟಿತು. ವರ್ಷಕ್ಕೆ ಸರಾಸರಿ 1.25 ಕೋಟಿ ಡಾಲರ್. ನಮ್ಮ ಲೆಕ್ಕದಲ್ಲಿ 100 ಕೋಟಿ ರೂಪಾಯಿಗೂ ಮೇಲೆ. ಹಿಂದಿನ ತಿಂಗಳು ಅವರು ನೋಟರ್ ಡೇಮ್ ತಂಡವನ್ನು 34–23ರಿಂದ ಸೋಲಿಸಿ ರಾಷ್ಟ್ರಕಪ್ ತಂದಿದ್ದರು. ಅವರ ಮೈದಾನದಲ್ಲಿ ಒಂದು ಲಕ್ಷ ಜನ ಕೂರುತ್ತಾರೆ. ಅಲ್ಲಿ ವಿಶ್ವವಿದ್ಯಾಲಯ ಯಾವುದೆಂದು ಜನರಿಗೆ ಫುಟ್‌ಬಾಲಿನಿಂದ ಗೊತ್ತಾಗುತ್ತದೆ, ನಮ್ಮಲ್ಲಿ ಮುಚ್ಚುವ ಸುದ್ದಿ ಬಂದಾಗ. ಅಮೆರಿಕದವರ ಹುಚ್ಚು ನಮಗೆ ಬೇಡ. ಒಬ್ಬ ಕೋಚಿನ ಸಂಬಳದಲ್ಲಿ ಎಷ್ಟು ಪ್ರಾಧ್ಯಾಪಕರು ಬದುಕಬಹುದೆಂದು ಅವರೂ ಒಮ್ಮೆ ಯೋಚಿಸಲಿ. ಆದರೆ ಉಳಿದುಕೊಂಡ ವಿಶ್ವವಿದ್ಯಾಲಯಕ್ಕೆ ಒಂದು ಕೇಕೆಯೂ ಬೀಳದ ನಮ್ಮ ತಣ್ಣನೆಯ ಜಾಣತನವೂ ಅಂಥ ಹೆಮ್ಮೆಯದೇನಲ್ಲ.

ಅಳಿಯ ಮೊನ್ನೆ ಬಂದು, ಕಾಲೇಜಿನ ಗೆಳೆಯರು ಸೇರಿ ತಂಡ ಕಟ್ಟುತ್ತಿದ್ದಾರೆ, ಅಂಗಿಯ ಮೇಲೆ ದೊಡ್ಡದಾಗಿ ಬಿ.ಯು. ಎಂದು ಹಾಕಿಸುತ್ತಾರೆ ಎಂದ. ಬ್ಯಾಡೋ ತಮ್ಮಾ ಎಂದೆ. ಮೂರು ಮಂದಿಯ ಈ ಗದ್ದಲವೆಲ್ಲ ಇಂಗ್ಲಿಷಿನದು. ಕನ್ನಡದಲ್ಲಿ ಇದು ಎಂದೋ ಬಗೆಹರಿದಿದೆ: ಬೆಂಗಳೂರಿನದು ಬೆಂ.ವಿ.ವಿ., ಬಾಗಲಕೋಟೆಯದು ಬಾ.ವಿ.ವಿ., ನಮ್ಮದು ಬೀ.ವಿ.ವಿ. ಒಂದೇ ಬಕಾರ, ಒಬ್ಬೊಬ್ಬರಿಗೆ ಒಂದೊಂದು ಗುಣಿತ. ಓಹಾಯೋ, ಓಕ್ಲಹೋಮಾದವರಿಗೆ ಬಾರಾಖಡಿ ಕೊಟ್ಟರೂ ಇಬ್ಬರದೂ ಓ; ವಕೀಲರ ಫೀಜು ಅವರಿಗೆ ತಪ್ಪಿದ್ದಲ್ಲ.

ಆದ್ದರಿಂದ ಭಾಲ್ಕಿ, ಬೀದರ, ಔರಾದಿನಲ್ಲಿ ಅಂಗಿಯ ಮೇಲೆ ಅಕ್ಷರ ಅಚ್ಚು ಹಾಕುವ ಎಲ್ಲ ಅಂಗಡಿಯವರಲ್ಲಿ ಒಂದೇ ಮನವಿ. ಬೀ ಬರೆಯುವಾಗ ದೀರ್ಘ ಮರೆಯಬೇಡಿರಿ. ದೀರ್ಘ ಬಿಟ್ಟರೆ ಅದು ಹಿಂದಿನ ಬಿಜಾಪುರ.