ಗಡಿಯ ಅವಿನಾಶತ್ವ: ಒಂದು ಶಾಸ್ತ್ರೀಯ ಮೀಮಾಂಸೆ

ಗಡಿಯನ್ನು ಹುಟ್ಟಿಸಬಹುದು, ಕೊಲ್ಲಲಾಗದು. ಬಹಳವೆಂದರೆ ಇದ್ದಲ್ಲಿಂದ ಬೇರೆಡೆಗೆ ದಬ್ಬಬಹುದು ಎಂಬುದೇ ಈ ಪ್ರಬಂಧದ ಸಿದ್ಧಾಂತ. ಇದರ ಪರೀಕ್ಷೆಗೆ ಬ್ರಿಟನ್ 2016ರ ಜೂನ್ 23ರಂದು ತನ್ನ ಖರ್ಚಿನಲ್ಲೇ ಪ್ರಯೋಗಶಾಲೆ ತೆರೆದದ್ದು ವಿದ್ವಲ್ಲೋಕದ ಪುಣ್ಯ. ಐರೋಪ್ಯ ಒಕ್ಕೂಟ ಬಿಡುವುದೆಂದು ದೇಶ ಅಂದು ತೀರ್ಮಾನಿಸಿತು. ಉತ್ತರ ಐರ್ಲೆಂಡಿನ ಶೇ. 55.8ರಷ್ಟು ಮತದಾರರು ಬೇಡವೆಂದರು. ಆದರೆ ಅವರು ಗಡಿಯ ಪಕ್ಕದಲ್ಲೇ ಬದುಕುವವರು, ವಿಷಯ ಚೆನ್ನಾಗಿ ಬಲ್ಲವರು. ಅಂಥವರ ಸಾಕ್ಷ್ಯ ಎಣಿಕೆಗೆ ಬಾರದು.

ಪ್ರಯೋಗದ ವಸ್ತು, ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿಗೂ ಒಕ್ಕೂಟದಲ್ಲೇ ಉಳಿದ ಐರ್ಲೆಂಡ್ ಗಣರಾಜ್ಯಕ್ಕೂ ನಡುವೆ 1921ರಲ್ಲಿ ಹಳೆಯ ಜಿಲ್ಲೆಗಳ ಅಂಚು ಹಿಡಿದು ಎಳೆದ ಸುಮಾರು 500 ಕಿ.ಮೀ. ರೇಖೆ. ಅದನ್ನು ದಾಟುವ ರಸ್ತೆಗಳು ಇನ್ನೂರಕ್ಕೂ ಹೆಚ್ಚು. ಕ್ಲೋನ್ಸ್‌ನಿಂದ ಕ್ಯಾವನ್‌ಗೆ ಹೋಗುವ ರಸ್ತೆಯಂತೂ ಎರಡು ಹರದಾರಿಯೊಳಗೆ ನಾಲ್ಕು ಸಲ ದೇಶ ಬದಲಿಸುತ್ತದೆ. ಗಿನ್ನಿಸ್ ಬಿಯರು ಡಬ್ಲಿನ್‌ನಲ್ಲಿ ಹುಟ್ಟಿ, ಬೆಲ್‌ಫಾಸ್ಟ್‌ನಲ್ಲಿ ಡಬ್ಬಿ ಸೇರಿ, ಕುಡಿಯುವವರನ್ನು ಹುಡುಕಿಕೊಂಡು ಮತ್ತೆ ದಕ್ಷಿಣಕ್ಕೆ ಬರುತ್ತದೆ. 1993ರಲ್ಲಿ ಸುಂಕದ ಕಟ್ಟೆಗಳು ಹೋದವು, 1998ರ ಶುಭ ಶುಕ್ರವಾರದ ಶಾಂತಿ ಒಪ್ಪಂದದ ನಂತರ ಸೈನಿಕರ ಕಾವಲು ಗೋಪುರಗಳೂ ಹೋದವು. ಉಳಿದದ್ದು ವೇಗದ ಫಲಕ: ಅತ್ತ ಮೈಲಿ, ಇತ್ತ ಕಿಲೋಮೀಟರು. ಹಾಗಾದರೆ ಗಡಿ ಆಗ ಸತ್ತಿತ್ತಲ್ಲವೇ ಎಂದು ಆಕ್ಷೇಪಿಸುವವರುಂಟು. ಇಲ್ಲ, ಸುಂಕದ ಮಟ್ಟಿಗೆ ಅದು ಒಕ್ಕೂಟದ ಹೊರ ಅಂಚಿಗೆ ವಲಸೆ ಹೋಗಿತ್ತು, ಅಷ್ಟೆ. ಬ್ರಿಟನ್ ಹೊರನಡೆದೊಡನೆ ತವರಿಗೆ ಮರಳಲು ಗಂಟುಮೂಟೆ ಕಟ್ಟಿತು.

ಇನ್ನು ಯಂತ್ರವಾದಿಗಳ ಪೂರ್ವಪಕ್ಷ: ತಪಾಸಣೆಯನ್ನು ಕ್ಯಾಮೆರಾಕ್ಕೂ ಕಂಪ್ಯೂಟರಿಗೂ ಒಪ್ಪಿಸಿದರೆ ಗಡಿ ಕಣ್ಣಿಗೇ ಬೀಳದು. 2018ರಲ್ಲಿ ವಿದೇಶಾಂಗ ಸಚಿವರಾಗಿದ್ದ ಬೋರಿಸ್ ಜಾನ್ಸನ್ ಇದಕ್ಕೆ ಲಂಡನ್ನಿನ ಎರಡು ಬಡಾವಣೆಗಳ ದೃಷ್ಟಾಂತ ಕೊಟ್ಟರು: ಕ್ಯಾಮ್ಡೆನ್‌ನಿಂದ ವೆಸ್ಟ್‌ಮಿನ್‌ಸ್ಟರ್‌ಗೆ ಹೋಗುವ ವಾಹನಕ್ಕೆ ಯಾರೂ ಅಡ್ಡಹಾಕದೆ ಶುಲ್ಕ ವಸೂಲಾಗುವುದಿಲ್ಲವೇ? ದೃಷ್ಟಾಂತ ಸೊಗಸು, ಐರ್ಲೆಂಡಿನ ಗಡಿಯಲ್ಲಿ ಸಿಡಿದಂತೆ ಆ ಬಡಾವಣೆಗಳ ನಡುವೆ ಮೂವತ್ತು ವರ್ಷ ಬಾಂಬು ಸಿಡಿದಿರಲಿಲ್ಲ ಎಂಬ ಕ್ಷುಲ್ಲಕ ದೋಷವೊಂದೇ. ಕ್ಯಾಮೆರಾಕ್ಕೆ ಕಂಬ ಬೇಕು, ಕಂಬಕ್ಕೆ ಕಾವಲುಗಾರ ಬೇಕು, ಅವನನ್ನು ಕಾಯಲು ಪೊಲೀಸರು, ಪೊಲೀಸರನ್ನು ಕಾಯಲು ಸೈನ್ಯ. ತರ್ಕಶಾಸ್ತ್ರ ಇದನ್ನೇ ಅನವಸ್ಥಾ ದೋಷವೆಂದು ಬಯ್ಯುತ್ತದೆ. 1950ರ ದಶಕದಲ್ಲಿ ಇದೇ ಗಡಿಯ ಸುಂಕದ ಕಟ್ಟೆಗಳು ದಾಳಿಗೆ ತುತ್ತಾಗಿದ್ದವು. ಪ್ರಯೋಗವನ್ನು ಮರುಕಳಿಸುವ ಅಗತ್ಯವಿರಲಿಲ್ಲ.

ನೆಲದಲ್ಲಿ ಒತ್ತಿದ ಗಡಿ ಜಮಖಾನೆಯ ಸುಕ್ಕಿನಂತೆ ಸಮುದ್ರದಲ್ಲಿ ಎದ್ದಿತು. ಉತ್ತರ ಐರ್ಲೆಂಡನ್ನು ಉಳಿದ ಬ್ರಿಟನ್ನಿನಿಂದ ಬೇರ್ಪಡಿಸಿ ಸ್ವದೇಶದ ನಡುವೆಯೇ ಏಳುವ ಈ ಸಮುದ್ರಗಡಿಯನ್ನು ಬ್ರಿಟನ್ನಿನ ಯಾವ ಪ್ರಧಾನಿಯೂ ಒಪ್ಪಲಾರರೆಂದು ಆಗಿನ ಪ್ರಧಾನಿ ಥೆರೆಸಾ ಮೇ 2018ರಲ್ಲಿ ಸಾರಿದರು. ಮುಂದಿನ ವರ್ಷವೇ ಪ್ರಧಾನಿ ಜಾನ್ಸನ್ ಒಪ್ಪಿ, ತಾವು ಒಪ್ಪಿದ್ದು ಅದನ್ನಲ್ಲವೆಂದು ವಾದಿಸುತ್ತ ಶಾಸ್ತ್ರಕ್ಕೆ ಹೊಸ ಪ್ರಮಾಣವೊಂದನ್ನು ಸೇರಿಸಿದರು. 2021ರಲ್ಲಿ ಇಂಗ್ಲೆಂಡಿನ ತಂಪು ಸಾಸೇಜು ಆ ಸಮುದ್ರಗಡಿ ದಾಟಿ ಬೆಲ್‌ಫಾಸ್ಟ್ ತಲುಪಬಹುದೇ ಎಂಬುದು ರಾಜತಾಂತ್ರಿಕರ ನಿದ್ದೆಗೆಡಿಸಿತು. ಬ್ರಿಟನ್ನೂ ಒಕ್ಕೂಟವೂ ಒಪ್ಪಿದ 2023ರ ವಿಂಡ್ಸರ್ ಚೌಕಟ್ಟು ಉತ್ತರ ಐರ್ಲೆಂಡಿನಲ್ಲೇ ಉಳಿಯುವ ಸರಕಿಗೆ ಹಸಿರು ದಾರಿ, ಒಕ್ಕೂಟದತ್ತ ಸಾಗುವುದಕ್ಕೆ ಕೆಂಪು ದಾರಿ ಎಂದು ವಿಂಗಡಿಸಿ, ಮಾಂಸದ ಪೊಟ್ಟಣಗಳ ಮೇಲೆ ‘ಒಕ್ಕೂಟಕ್ಕಲ್ಲ’ ಎಂಬ ಚೀಟಿ ಅಂಟಿಸಿತು. ಹೀಗೆ 500 ಕಿ.ಮೀ. ಉದ್ದದ ಗಡಿ ಎರಡು ಬೆರಳಗಲದ ಕಾಗದದಲ್ಲಿ ಅಡಗಿತು. ಅಂಥ ಪೊಟ್ಟಣ ಕೊಂಡ ಡೆರಿಯ ಗೃಹಸ್ಥನೊಬ್ಬ ಪಕ್ಕದ ಡೊನೆಗಾಲ್‌ನ ಬೀಗರ ಮನೆಗೆ ಹೊರಟರೆ ಗಡಿ ಅವನ ಕೈಚೀಲದಲ್ಲೇ ಪ್ರಯಾಣಿಸುತ್ತದೆ. ಬೇಯಿಸಿ ಉಂಡಮೇಲೆ ಅದರ ಗತಿಯೇನೆಂಬ ಪ್ರಶ್ನೆ ಜೀರ್ಣಶಾಸ್ತ್ರಜ್ಞರ ವ್ಯಾಪ್ತಿಗೆ ಸೇರಿದ್ದರಿಂದ ಇಲ್ಲಿ ಚರ್ಚಿಸಿಲ್ಲ.