ಸಾಗುವಾನಿ ರಾಯರು

ರಾಯರಿಗೆ ಆಧಾರ್ ಕಾರ್ಡಿನಲ್ಲಿ ಬೇರೆ ಹೆಸರಿದೆ. ಬಸವನಗುಡಿಯ ನಮ್ಮ ಬೀದಿಯಲ್ಲಿ ಅದು ಗೊತ್ತಿರುವುದು ಅಂಚೆಯವನಿಗೆ ಮಾತ್ರ. ಉಳಿದವರಿಗೆಲ್ಲ ಅವರು ಸಾಗುವಾನಿ ರಾಯರು. ಇಂಥವರು ಮಲ್ಲೇಶ್ವರದಲ್ಲೂ ಇದ್ದಾರೆ, ಮೈಸೂರಿನ ಲಕ್ಷ್ಮೀಪುರಂನಲ್ಲೂ ಇದ್ದಾರೆ. ಗುರುತು ಹಿಡಿಯುವುದು ಸುಲಭ. ಯಾರ ಮನೆಗೆ ಹೋದರೂ ಮನೆಯವರ ಮುಖಕ್ಕಿಂತ ಮೊದಲು ದಾರಂದ ನೋಡುತ್ತಾರೆ. ಕೂತ್ಕೊಳ್ಳಿ ಅಂದರೆ, ಬಾಗಿಲನ್ನು ಬೆರಳಗೆಣ್ಣಿನಿಂದ ಟಕಟಕ ಬಡಿದು, "ಬರ್ಮಾ ಅಲ್ಲ, ದಾಂಡೇಲಿ" ಎಂದು ತೀರ್ಪು ಕೊಟ್ಟ ಮೇಲೆಯೇ ಕೂರುತ್ತಾರೆ. ಮನೆಯಾಕೆ, "ಅದು ಪ್ಲೈವುಡ್ಡು ರಾಯರೇ, ಮೇಲೆ ಮೈಕಾ ಅಂಟಿಸಿದ್ದೀವಿ" ಅಂದರೋ, ಅವತ್ತಿನ ಕಾಫಿಗೆ ರುಚಿಯಿಲ್ಲ.

ಕಾಯಿಲೆ ಶುರುವಾದದ್ದು ತಾತ ಕಟ್ಟಿಸಿದ ಮನೆಯಿಂದ. 1898ರ ಪ್ಲೇಗಿಗೆ ಹೆದರಿ ಪೇಟೆಯ ಜನ ಗಾಳಿ ಬೆಳಕು ಹುಡುಕಿಕೊಂಡು ಬಸವನಗುಡಿ, ಮಲ್ಲೇಶ್ವರಗಳಿಗೆ ಬಂದರಲ್ಲ, ಅವರ ಹಿಂದೆಯೇ ತಾತನೂ ಬಂದವರು. ಮುಂದೆ ರೆಡ್ ಆಕ್ಸೈಡ್ ಜಗುಲಿ, ಅದರ ಮೇಲೆ ಮಂಗಳೂರು ಹೆಂಚು. ಒಳಗೆ ಮದ್ರಾಸ್ ತಾರಸಿ, ಅಂದರೆ ತೇಗದ ಜಂತೆಗಳ ಮೇಲೆ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆ ಹಾಕಿದ್ದು. ಕಿಟಕಿಗಳ ಮೇಲೆ ಮಂಕಿ ಟಾಪ್. ಚೂಪು ಮಾಡಿದ ಮರದ ಪಟ್ಟಿಗಳನ್ನು ಸಾಲಾಗಿ ಇಳಿಬಿಟ್ಟ ಆ ಇಳಿಜಾರು ಟೋಪಿ ಈಗ ಬೆಂಗಳೂರಿನಲ್ಲಿ ಮನೆಗಳಿಗಿಂತ ಹೆಚ್ಚಾಗಿ ಕ್ಯಾಲೆಂಡರುಗಳಲ್ಲಿ ಸಿಗುತ್ತದೆ. ಅಣ್ಣ ತಮ್ಮಂದಿರು ಒಡೆದು ಅಪಾರ್ಟ್‌ಮೆಂಟು ಕಟ್ಟೋಣ ಅಂದರು. ರಾಯರು ಬ್ಯಾಂಕಿನಿಂದ ನಿವೃತ್ತರಾದಾಗ ಬಂದ ಗಂಟನ್ನು ಅವರ ಮುಂದಿಟ್ಟು ಪಾಲು ಬಿಡಿಸಿಕೊಂಡರು.

ಆಗ ಮನೆಯಲ್ಲಿ ಕೆಟ್ಟಿದ್ದುದು ಇಷ್ಟೇ: ಮುಂದಿನ ಕಿಟಕಿಯ ಚೌಕಟ್ಟಿನ ಸುತ್ತ ಓಡುವ ಬೀಡಿಂಗ್‌ನಲ್ಲಿ ಒಂದೂವರೆ ಅಡಿಯನ್ನು ಗೆದ್ದಲು ತಿಂದಿತ್ತು. ಅದನ್ನು ತರುತ್ತೇನೆಂದು ಹೊರಟ ರಾಯರು ಇನ್ನೂ ಮರಳಿಲ್ಲ.

ಮೊದಲು ಬಂದ ಬಡಗಿ ಹುಡುಗ ಮೊಬೈಲಿನಲ್ಲಿ ನೂರಾರು ಡಿಸೈನು ತೋರಿಸಿ, "ಸೇಮ್ ಟು ಸೇಮ್ ಇದೆ ಸಾರ್, ಎಂಡಿಎಫ್‌ದು, ನಾಳೇನೇ ಹೊಡೆದುಬಿಡ್ತೀನಿ" ಅಂದ. "ಮಳೆ ಬಿದ್ರೆ ಉಬ್ಬಿ ಉದುರುತ್ತಲ್ಲಪ್ಪಾ" ಎಂದು ರಾಯರು ಗೇಟಿನವರೆಗೂ ಹೋಗಿ ಅವನನ್ನು ಬೀಳ್ಕೊಟ್ಟರು. ಆಮೇಲೆ ತಾವೇ ಒಂದು ಅಳತೆ ಸಾಮಾನು ತರಿಸಿದರು. ಸಾಲಾಗಿ ಪಿನ್ನುಗಳಿರುವಂಥದ್ದು, ಬೀಡಿಂಗಿಗೆ ಒತ್ತಿ ಹಿಡಿದರೆ ಅದರ ಉಬ್ಬು ತಗ್ಗು ಹಾಗೇ ಮೂಡುತ್ತದೆ. ಮೂಡಿತು. ಆದರೆ ಮೂಡಿದ್ದು ಮರದ ಆಕಾರವಲ್ಲ, ಬಣ್ಣದ್ದು. ಮನೆಯಲ್ಲಿ ನಡೆದ ಮದುವೆ, ಮುಂಜಿ, ಗೃಹಶಾಂತಿ ಒಂದೊಂದಕ್ಕೂ ಒಂದೊಂದು ಕೋಟು ಎನಾಮೆಲ್ ಬಿದ್ದು ಒಳಗಿನ ಗೆರೆಗಳೆಲ್ಲ ಹೂತುಹೋಗಿದ್ದವು. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ, ಒಣದಾಗಿ ಉಜ್ಜಿದರೆ ಧೂಳು ಎದೆ ಸೇರುತ್ತದೆ ಎಂದು ಡಾಕ್ಟರ್ ಅಳಿಯ ಹೆದರಿಸಿದ್ದರಿಂದ, ಕೋವಿಡ್ ಕಾಲದಲ್ಲಿ ಉಳಿದ ಮಾಸ್ಕುಗಳನ್ನೆಲ್ಲ ಒಂದರ ಮೇಲೊಂದು ಕಟ್ಟಿಕೊಂಡು ನೀರು ಚಿಮುಕಿಸಿ ಕೆರೆದರು. ಕೊನೆಗೆ ಕಂಡದ್ದು ಒಂದು ಅರ್ಧಗೋಲ, ಒಂದು ಮೆಟ್ಟಿಲು, ಅದರ ಕೆಳಗೆ ಒಳಕ್ಕೆ ಹೋಗಿ ಹೊರಕ್ಕೆ ಬಾಗುವ ಒಂದು ಅಲೆ. ಆ ಅಲೆಯನ್ನು ಕಂಡ ದಿನ ರಾಯರು ಊಟ ಬಿಟ್ಟರು.

ಅಂಥ ಅಲೆ ಅಂಗಡಿಯಲ್ಲಿ ಸಿಗುವುದಿಲ್ಲ. ಆ ಕಾಲದ ಆಚಾರಿಗಳು ಹತ್ತರಿಯ ಅಲಗನ್ನೇ ಬೇಕಾದ ಆಕಾರಕ್ಕೆ ಸಾಣೆ ಹಿಡಿದು ಕೈಯಲ್ಲಿ ಎಳೆಯುತ್ತಿದ್ದರು. ಒಬ್ಬರ ಅಲಗಿನ ಹಾಗೆ ಇನ್ನೊಬ್ಬರದು ಇರುತ್ತಿರಲಿಲ್ಲ. ಈಗಿನ ಕಾರ್ಖಾನೆಯಲ್ಲಿ ಯಂತ್ರಕ್ಕೆ ಬೇರೆ ಕಟರ್ ಮಾಡಿಸಬಹುದು. "ಆದ್ರೆ ಸ್ವಾಮೀ, ಒಂದೂವರೆ ಅಡಿಗೆ ಯಾರು ಕಟರ್ ಕಡೀತಾರೆ? ಐನೂರು ಅಡಿ ಹೇಳಿ, ಮಾಡಿಕೊಡೋಣ." ರಾಯರು ಐನೂರು ಅಡಿಗೆ ಆಗುವಷ್ಟು ಕಿಟಕಿ ಮನೆಗೆ ಕೂಡಿಸಬಹುದೇ ಎಂದು ಒಂದು ರಾತ್ರಿ ಲೆಕ್ಕ ಹಾಕಿದ್ದುಂಟು.

ಹಾಗಾಗಿ ಉಳಿದ ದಾರಿ ಒಂದೇ, ಒಡೆಯುವ ಮನೆಗಳು. ರಾಯರ ನಿಜವಾದ ಪ್ರತಿಭೆ ಬೆಳಗಿದ್ದು ಇಲ್ಲಿಯೇ. ಯಾವ ಮನೆ ಬೀಳುತ್ತದೆ ಎಂಬುದು ಬಿಲ್ಡರಿಗಿಂತ ಮೊದಲು ಅವರಿಗೆ ಗೊತ್ತು. ಇಸ್ತ್ರಿಯವನು, ನೀರಿನ ಟ್ಯಾಂಕರ್ ಡ್ರೈವರು, ಮೂಲೆಯ ಹೂವಿನಾಕೆ ಎಲ್ಲರೂ ಅವರ ಗೂಢಚಾರರು. ಸುದ್ದಿ ಬಂದೊಡನೆ ಸಾವಿನ ಮನೆಗೆ ಹೋಗುವ ನೆಂಟನ ಹಾಗೆ ಮುಖ ಇಳಿಬಿಟ್ಟುಕೊಂಡು ಹೊರಡುತ್ತಾರೆ, ಜೇಬಿನಲ್ಲಿ ಟೇಪು. "ಛೆ, ಛೆ, ಎಂಥಾ ಮನೆ! ನಿಮ್ಮ ತಂದೆ ಇದೇ ಜಗುಲಿ ಮೇಲೆ ಕೂತು ಪೇಪರ್ ಓದ್ತಿದ್ರು" ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಒರೆಸಿದ ಕೈ ಹಾಗೇ ಕಿಟಕಿಯ ಅಂಚಿನ ಮೇಲೆ ಜಾರಿ ಅಲೆಯಿದೆಯೇ ಎಂದು ತಡವುತ್ತದೆ. ಆಮೇಲೆ ದನಿ ತಗ್ಗಿಸಿ, "ತೊಲೆ ಯಾರಿಗಾದ್ರೂ ಹೇಳಿದ್ದೀರಾ?"

ಬೆಳಿಗ್ಗೆ, ನಗರದ ಪರಂಪರೆ ನಾಶವಾಗುತ್ತಿದೆ ಎಂದು ಪತ್ರಿಕೆಗೆ ಕಾಗದ ಬರೆಯುತ್ತಾರೆ, ಇನ್‌ಟ್ಯಾಕ್‌ಗೊಂದು ನಕಲು. ಸಂಜೆ, ಅದೇ ಮನೆಯನ್ನು ಒಡೆಯುವ ಕಂಟ್ರಾಕ್ಟರನಿಗೆ ಅಡ್ವಾನ್ಸು. ಬೀದಿಯವರು ಇದನ್ನು ಆಷಾಢಭೂತಿತನ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ರಾಯರ ಕಣ್ಣೀರೂ ಅಸಲಿ, ಅಡ್ವಾನ್ಸೂ ಅಸಲಿ. ಅವರು ಕೊಳ್ಳದಿದ್ದರೆ ಆ ತೇಗ ಯಾವುದೋ ಪಬ್ಬಿನ ಗೋಡೆಗೆ ಹೋಗುತ್ತಿತ್ತು, ಇಲ್ಲ ಒಲೆಗೆ.

ತಂದ ಮರ ಸಾಮಿಲ್ಲಿಗೆ ಹೋದರೆ ಅಲ್ಲಿಯವನು ಎರಡೂ ಕೈ ಮುಗಿಯುತ್ತಾನೆ. ಹಳೇ ಮರದೊಳಗೆ ಮೊಳೆ ಅಡಗಿರುತ್ತದೆ, ಒಂದು ತಗುಲಿದರೂ ಗರಗಸದ ಹಲ್ಲು ಹೋಯಿತು. ಅದಕ್ಕೆ ರಾಯರು ಈಗ ಒಡೆದ ಸ್ಪೀಕರಿನ ಅಯಸ್ಕಾಂತವೊಂದನ್ನು ದಾರಕ್ಕೆ ಕಟ್ಟಿ, ದೃಷ್ಟಿ ತೆಗೆಯುವವರಂತೆ ತೊಲೆಗಳ ಮೇಲೆ ಆಡಿಸುತ್ತ ಅಂಗಳದಲ್ಲಿ ಓಡಾಡುತ್ತಾರೆ.

ಒಮ್ಮೆ ಕಾರೈಕುಡಿಗೂ ಹೋಗಿಬಂದರು. ಚೆಟ್ಟಿಯಾರರ ಬಂಗಲೆಗಳಿಂದ ಕಿತ್ತ ಬರ್ಮಾ ತೇಗದ ಸಾಮಾನು ಅಲ್ಲಿನ ಮುನೀಶ್ವರನ್ ಕೋವಿಲ್ ಬೀದಿಯ ಅಂಗಡಿಗಳಿಗೆ ಬರುತ್ತದೆ. ಬೀಡಿಂಗ್ ಸಿಗಲಿಲ್ಲ, ಎರಡು ಕಂಬ ಸಿಕ್ಕಿತು. ಕಂಬಕ್ಕೆ ಮನೆಯಲ್ಲಿ ಜಾಗವಿಲ್ಲ. ಜಾಗಕ್ಕಾಗಿ ಹಿತ್ತಿಲಿನಲ್ಲಿ ಒಂದು ಪಡಸಾಲೆಯ ನಕ್ಷೆ ತಯಾರಾಯಿತು, ಪಡಸಾಲೆಗೆ ಹಳೇ ಬಾಗಿಲು ಬೇಡವೇ? ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನೇ ಇಡಿಯಾಗಿ ಬಿಚ್ಚಿ ತಂದು ಮತ್ತೆ ಜೋಡಿಸಿ ನಿಲ್ಲಿಸಿದ ಕಥೆಯನ್ನು ರಾಯರು ಭಕ್ತಿಯಿಂದ ಹೇಳುವಾಗ ಶ್ರೀಮತಿಯವರು ಎದ್ದು ಒಳಗೆ ಹೋಗಿಬಿಡುತ್ತಾರೆ.

ಹಾಗೆ ನೋಡಿದರೆ ಆ ಒಂದೂವರೆ ಅಡಿ ಸಿಕ್ಕಾಗಿದೆ. ಚಾಮರಾಜಪೇಟೆಯ ವಯಸ್ಸಾದ ಆಚಾರಿಯೊಬ್ಬರು ತೇಗದ ಚೂರನ್ನು ಉಳಿಯಲ್ಲಿ ಕೆತ್ತಿ, ದುಂಡು ಕೋಲಿಗೆ ಉಪ್ಪುಕಾಗದ ಸುತ್ತಿ ತಗ್ಗು ಉಜ್ಜಿ, ಮಧ್ಯಾಹ್ನದೊಳಗೆ ಮಾಡಿಕೊಟ್ಟರು. ಗೆರೆಗೆ ಗೆರೆ ಕೂತಿತು. ರಾಯರು ಹಿಂದೆ ಮುಂದೆ ತಿರುಗಿಸಿ, "ತುಂಬಾ ನೆಟ್ಟಗಿದೆಯಲ್ಲ ಆಚಾರ್ರೇ, ಹಳೇದು ಇಷ್ಟು ನೆಟ್ಟಗಿಲ್ಲ" ಅಂದರು. "ಸೊಟ್ಟ ಬೇಕಿದ್ರೆ ನನ್ನ ಮೊಮ್ಮಗನ ಕೈಲಿ ಮಾಡಿಸಿ ಸ್ವಾಮಿ" ಎಂದು ಆಚಾರಿ ಕೂಲಿ ಎಣಿಸಿಕೊಂಡು ಹೋದರು. ಪಟ್ಟಿ ಈಗ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗಿದೆ. ಬಣ್ಣ ಹೊಂದುವುದಿಲ್ಲವಂತೆ, ಮರ ಇನ್ನೂ ಹಳತಾಗಬೇಕಂತೆ. ಹುಡುಕಾಟ ಮುಗಿದುಬಿಟ್ಟರೆ ಬೆಳಿಗ್ಗೆ ಎದ್ದು ಮಾಡುವುದೇನು ಎಂಬ ಭಯವಿರಬೇಕು ಎಂದು ನನ್ನ ಗುಮಾನಿ.

ಮನೆ ಸದ್ಯಕ್ಕೆ ನೀಲಿ ಟಾರ್ಪಾಲಿನ ಅಡಿ ಇದೆ. ಮೊನ್ನೆ ಮಿನಿ ಲಾರಿಯೊಂದು ಗೇಟಿನ ಮುಂದೆ ನಿಂತು, ಹುಡುಗನೊಬ್ಬ ಇಳಿದು ಬಂದ. ಬಿಚ್ಚಿಟ್ಟ ಕಿಟಕಿಗಳನ್ನೂ ಗೋಡೆಗೆ ಒರಗಿಸಿದ ಬಾಗಿಲುಗಳನ್ನೂ ನೋಡಿ, "ಛೆ, ಎಂಥಾ ಮನೆ ಸಾರ್!" ಅಂದ. ರಾಯರು ಉಬ್ಬಿಹೋದರು.

"ಯಾವತ್ತು ಒಡೆಸ್ತಿದ್ದೀರಾ? ತೊಲೆ ಯಾರಿಗಾದ್ರೂ ಹೇಳಿದ್ದೀರಾ?"

ರಾಯರ ಮುಖ ಕೆಂಪು ಗಾರೆಯ ಬಣ್ಣಕ್ಕೆ ತಿರುಗಿತು. ಒಳಗಿನಿಂದ, "ರೀ, ಎಷ್ಟು ಕೊಡ್ತಾನಂತೆ ಕೇಳಿ" ಎಂಬ ದನಿ ಬಂತು. ರಾಯರು ಬೆರಳು ಚಾಚಿ ಗೇಟು ತೋರಿಸಿದರು. ಹುಡುಗ ಹೆದರಿ ಲಾರಿ ಹತ್ತಿ ಸ್ಟಾರ್ಟ್ ಮಾಡಿದ. ಅಷ್ಟರಲ್ಲಿ ರಾಯರು ಚಪ್ಪಲಿಯಿಲ್ಲದ ಕಾಲಲ್ಲೇ ಓಡಿಹೋಗಿ ಲಾರಿಗೆ ಅಡ್ಡ ನಿಂತಿದ್ದರು.

"ಏಯ್, ನಿಲ್ಲಿಸಪ್ಪಾ. ಹಿಂದುಗಡೆ ಹಗ್ಗ ಕಟ್ಟಿದ್ದೀಯಲ್ಲ, ಆ ಚೌಕಟ್ಟು ಯಾವ ಮನೇದು?"