ಹತ್ತನೇ ವಿಂಡೋಸಿನ ನಿವೃತ್ತಿ

ಮೈಸೂರಿನವರಿಗೆ ನಿವೃತ್ತಿ ಹೊಸದಲ್ಲ. ಪಿಂಚಣಿದಾರರ ಸ್ವರ್ಗ ಅಂತಲೇ ಊರಿಗೆ ಹೆಸರು. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಿಂತು ನೋಡಿ, ಮಾಜಿ ಇಂಜಿನಿಯರು, ಮಾಜಿ ಪ್ರಾಂಶುಪಾಲರು, ಮಾಜಿ ಬ್ಯಾಂಕ್ ಮ್ಯಾನೇಜರುಗಳು ನಿಮ್ಮನ್ನು ಹಿಂದೆ ಹಾಕಿ ಬಿರಬಿರನೆ ನಡೆದುಹೋಗುತ್ತಾರೆ. ಇಂಥ ಊರಲ್ಲಿ 2025ರ ಅಕ್ಟೋಬರ್ 14ರಂದು ಇನ್ನೊಬ್ಬರು ನಿವೃತ್ತರಾದರು: ವಿಂಡೋಸ್ 10. ಕೆಲಸಕ್ಕೆ ಸೇರಿದ್ದು 2015ರ ಜುಲೈನಲ್ಲಿ. ಹತ್ತೇ ವರ್ಷದ ಸರ್ವಿಸು. ನಿವೃತ್ತಿಯ ವರ್ಷ ಜಂಬೂ ಸವಾರಿ ಅಕ್ಟೋಬರ್ 2ಕ್ಕೆ. ಆಯುಧಪೂಜೆಗೆ ಸಿಪಿಯು ಡಬ್ಬಿಗೆ ಇಟ್ಟ ಕುಂಕುಮ ಇನ್ನೂ ಅಳಿಸಿರಲಿಲ್ಲ.

ನಮ್ಮ ಬೀದಿಯ ಮೇಷ್ಟ್ರು ಕೆಂಡವಾದರು. ಅವರದು 2016ರಲ್ಲಿ ಅಂಗಡಿಯವನು ಜೋಡಿಸಿಕೊಟ್ಟ ಡೆಸ್ಕ್‌ಟಾಪು. ಅದರಲ್ಲಿ ಅವರು ಆತ್ಮಕಥೆ ಟೈಪು ಮಾಡುತ್ತಿದ್ದಾರೆ. ಕಥೆ ಇನ್ನೂ ಉಪನಯನಕ್ಕೇ ಬಂದಿಲ್ಲ.

"ಓಡ್ತಾ ಇರೋ ಯಂತ್ರಕ್ಕೆ ಏನಯ್ಯ ಕಾಯಿಲೆ?"

ಕಾಯಿಲೆ ಏನೂ ಇಲ್ಲ ಮೇಷ್ಟ್ರೇ, ನಿಂತದ್ದು ಭದ್ರತೆಯ ಅಪ್‌ಡೇಟು. ಇನ್ನು ಕಳ್ಳರು ಹೊಸ ಕನ್ನ ಕೊರೆದರೆ ಮುಚ್ಚುವವರು ಬರುವುದಿಲ್ಲ ಎಂದೆ. ವಿಂಡೋಸ್ 11 ಹಾಕಿಸೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಚಿಪ್ಪಾದರೆ ಎಂಟನೇ ತಲೆಮಾರಿನದೋ ಆಮೇಲಿನದೋ ಆಗಿರಬೇಕು. ಮೇಷ್ಟ್ರದು ಆರನೇ ತಲೆಮಾರು. "ಹೆಣ್ಣು ಕೊಡೋರೂ ಇಷ್ಟು ಹಿಂದಿನದು ಕೆದಕಲ್ಲ ಕಣಯ್ಯ" ಎಂದರು. ಹೇಗೋ ತೂರಿಸಿ ಹಾಕಿಕೊಡುವ ಹುಡುಗರು ಊರಲ್ಲಿದ್ದಾರೆ, ಆದರೆ ಹಾಗೆ ಒಳಬಂದವರಿಗೆ ಮುಂದೆ ಅಪ್‌ಡೇಟಿನ ಭರವಸೆ ಇಲ್ಲ ಎಂದು ಮೈಕ್ರೋಸಾಫ್ಟೇ ಹೇಳಿಬಿಟ್ಟಿದೆ.

ಆಗ ನಾನು ಆನೆ ತಂದೆ. ಮೈಸೂರಲ್ಲಿ ಆನೆ ತಂದರೆ ಯಾರೂ ಎದುರಾಡುವುದಿಲ್ಲ. 750 ಕೆಜಿ ಅಂಬಾರಿಯನ್ನು 2019ರವರೆಗೆ ಎಂಟು ಸಲ ಹೊತ್ತವನು ಅರ್ಜುನ. ಅರವತ್ತು ದಾಟಿದ ಆನೆಗೆ ಭಾರ ಹೊರಿಸಬಾರದೆಂದು 2020ರಿಂದ ಅಂಬಾರಿ ಅಭಿಮನ್ಯುವಿನ ಬೆನ್ನೇರಿತು. ಅರ್ಜುನನನ್ನೇನು ಗುಜರಿಗೆ ಹಾಕಿದರೇ? ಆಮೇಲೂ ನಿಶಾನೆ ಆನೆಯಾಗಿ ಮೆರವಣಿಗೆಯಲ್ಲಿ ನಡೆದ. ನಿಮ್ಮ ಯಂತ್ರದಿಂದಲೂ ವಿಂಡೋಸಿನ ಅಂಬಾರಿ ಇಳಿಸಿ, ಲಿನಕ್ಸ್ ಮಿಂಟ್ ಹಾಕೋಣ. ದುಡ್ಡಿಲ್ಲ, ಟಿಪಿಎಂ ಕೇಳುವುದಿಲ್ಲ. ಹಾಕುವ ಮೊದಲು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು. ಹಳೇ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಿದರೆ ಓಟವೇ ಬೇರೆ.

"ನುಡಿ?" ಎಂದರು ಮೇಷ್ಟ್ರು, ಒಂದೇ ಮಾತು.

ಮೈಸೂರಿನ ಲಿನಕ್ಸ್ ಪ್ರಚಾರಕರೆಲ್ಲ ಮುಗ್ಗರಿಸುವುದು ಇಲ್ಲೇ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ವಿಂಡೋಸಿಗೆಂದೇ ಮಾಡಿದ್ದು. ಆದರೆ ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಆ ಕೀಲಿಮಣೆ ಲಿನಕ್ಸಿನಲ್ಲೂ 'ಕೆಜಿಪಿ' ಎಂಬ ಹೆಸರಲ್ಲಿದೆ. ಬೆರಳು ಹೊಸದಾಗಿ ಅಕ್ಷರಾಭ್ಯಾಸ ಮಾಡಬೇಕಿಲ್ಲ. ಹಳೇ ಫಾಂಟಿನಲ್ಲಿ ಹೊಡೆದ ಅಧ್ಯಾಯಗಳನ್ನು ಮಾತ್ರ ಯೂನಿಕೋಡಿಗೆ ಬದಲಿಸಿಕೊಳ್ಳಬೇಕು, ಒತ್ತಕ್ಷರ ಎಲ್ಲಾದರೂ ಜಾರಿದೆಯೇ ಎಂದು ಕೂತು ನೋಡಬೇಕು. ಅದೊಂದು ರಗಳೆ, ಒಪ್ಪಿದೆ. ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳು ಕೇರಳ ಸರ್ಕಾರದ ಕೃಪೆಯಿಂದ ವರ್ಷಗಟ್ಟಲೆ ಲಿನಕ್ಸಿನಲ್ಲೇ ಕಲಿಯುತ್ತಿದ್ದಾರೆ, ನಿಮಗೇನು ಭಯ ಅಂತಲೂ ಕೆಣಕಿದೆ.

"ಅವರಿಗೆ ವಯಸ್ಸಿದೆ."

ಹಾಗಾದರೆ ಇಂಟರ್‌ನೆಟ್ ವೈರು ಕಿತ್ತು ಬರೀ ಟೈಪ್‌ರೈಟರು ಮಾಡಿಕೊಳ್ಳಿ, ಬ್ಯಾಂಕಿನ ಕೆಲಸ ಫೋನಿನಲ್ಲಿರಲಿ ಎಂದೆ. "ಮೊಮ್ಮಗಳು ವಿಡಿಯೋ ಕಾಲಲ್ಲಿ ಬರೋದು ಇದರಲ್ಲೇ" ಎಂದು ಒಳಗಿನಿಂದ ಮೇಷ್ಟ್ರ ಹೆಂಡತಿ ಟೀಚರಮ್ಮನ ದನಿ ಬಂತು. ಆ ದಾರಿಯೂ ಮುಚ್ಚಿತು.

ಉಳಿದದ್ದು ಎಕ್ಸ್‌ಟೆನ್ಷನ್. ಮೈಕ್ರೋಸಾಫ್ಟ್ ಖಾತೆ ತೆರೆದು 30 ಡಾಲರ್ ಕಟ್ಟಿದರೆ, ಇಲ್ಲವೇ ಸೆಟ್ಟಿಂಗ್ಸನ್ನೆಲ್ಲ ಅವರ ಕ್ಲೌಡಿಗೆ ಒಪ್ಪಿಸಿದರೆ, 2026ರ ಅಕ್ಟೋಬರ್ 13ರವರೆಗೆ ಅಪ್‌ಡೇಟು ಕೊಡುವುದಾಗಿ ಕಂಪನಿ ಸಾರಿತ್ತು. "ನಾನು ಬದುಕಿದೀನಿ ಅಂತ ನವೆಂಬರ್ ನವೆಂಬರಿಗೂ ಬರಕೊಡ್ತಾ ಇದೀನಿ. ಇನ್ನು ಇದರ ಪರವಾಗಿಯೂ ಬರಕೊಡಬೇಕೋ?" ಎಂದು ಗೊಣಗಿದರೂ ಮೇಷ್ಟ್ರ ಮನಸ್ಸು ಕರಗಿತು. "ಇಷ್ಟು ವರ್ಷ ನಿಯತ್ತಾಗಿ ದುಡಿದಿದೆ. ಅರ್ಜಿ ಹಾಕಿಬಿಡು."

ಕೂತೆ. ಪರದೆಯ ಬಲಗಡೆ, ಕೆಳಮೂಲೆಯಲ್ಲಿ ಮಾಸಲು ಅಕ್ಷರ: 'ಆಕ್ಟಿವೇಟ್ ವಿಂಡೋಸ್'. ನಿಯತ್ತಿನ ಈ ನೌಕರನನ್ನು ದುಡ್ಡು ಕೊಟ್ಟು ನೇಮಕ ಮಾಡಿಕೊಂಡೇ ಇರಲಿಲ್ಲ.

"ಮೇಷ್ಟ್ರೇ, ಇದು ಯಾವಾಗಿಂದ ಇದೆ?"

"ಅದಾ? ಮೊದಲಿಂದಲೂ ಇದೆ. ಕಂಪನಿಯವರ ಶುಭಾಶಯ ಅಂದ್ಕೊಂಡಿದ್ದೆ."